ಮುದುಕನ ಹಾಡು ತೆಗೆಸಿದ ವಾರ

ನನ್ನ ಜೊತೆ ಸಿನೆಮಾಕ್ಕೆ ಬಂದವರಿಗೆ ನನ್ನ ಮೇಲೆ ಸಿಟ್ಟು ಬರುತ್ತದೆ. ಹೊರಗೆ ಬಂದ ಮೇಲೆ ಹೀರೋಯಿನ್ ಯಾವ ಸೀರೆ ಉಟ್ಟಿದ್ದಳು ಎಂದು ಕೇಳಿದರೆ ನನಗೆ ಗೊತ್ತಿರುವುದಿಲ್ಲ. ಅವಳ ಹಿಂದೆ ಬಾವಿಕಟ್ಟೆಯ ಹತ್ತಿರ ಕೊಡ ಹಿಡಿದು ನಿಂತಿದ್ದ ಮೂವರು ಹೆಂಗಸರಲ್ಲಿ ಎಡಗಡೆಯವಳು ಯಾರನ್ನೋ ನೋಡಿ ನಕ್ಕದ್ದು ಮಾತ್ರ ನೆನಪಿರುತ್ತದೆ. ನನ್ನ ಹೆಂಡತಿ ಮೊದಮೊದಲು ತಮಾಷೆ ಮಾಡುತ್ತಿದ್ದಳು, ಆಮೇಲೆ ಬೈಯುತ್ತಿದ್ದಳು, ಈಗ ಏನೂ ಹೇಳುವುದಿಲ್ಲ. ಅವಳಿಗೂ ನಾನು ಪೂರ್ತಿ ಕಾರಣ ಹೇಳಿದವನಲ್ಲ. ಹೇಳಲು ನಾಚಿಕೆಯಾಗುತ್ತಿತ್ತು. ಬರೆಯುವುದು ಸ್ವಲ್ಪ ಸುಲಭ, ಎದುರಿಗೆ ಯಾರ ಮುಖವೂ ಇರುವುದಿಲ್ಲ.

ಐವತ್ತರ ದಶಕದ ನಡುವಿನ ಮಾತು. ನಾನಾಗ ಮಲಾಡ್ ಸ್ಟೇಷನ್ನಿನ ಹತ್ತಿರದ ಒಂದು ಉಡುಪಿ ಹೋಟೆಲಿನಲ್ಲಿ ಸಪ್ಲೈಯರ್. ಟೇಬಲ್ ಟೇಬಲಿಗೆ ಇಡ್ಲಿ, ದೋಸೆ, ಚಾ ತಂದಿಡುವ ಕೆಲಸ. ಊರು ಕುಂದಾಪುರದ ಕಡೆ. ವಯಸ್ಸು ಇಪ್ಪತ್ತಮೂರೋ ಇಪ್ಪತ್ತನಾಲ್ಕೋ. ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತಿತ್ತು, ಸಿನೆಮಾ ಹುಚ್ಚು ಮಾತ್ರ ತಲೆಯಿಂದ ಕಾಲಿನ ತನಕ. ಊರಿನಲ್ಲಿ ಅಮ್ಮನಿಗೆ ಕಾಗದ ಬರೆಯಲು ಪುರುಸೊತ್ತಿಲ್ಲದವನಿಗೆ ಮುಂದಿನ ತಿಂಗಳು ಯಾವ ಪಿಚ್ಚರ್ ಬರುತ್ತದೆ, ಯಾರ ಹಾಡು, ಯಾವ ಥಿಯೇಟರ್ ಎಂಬುದೆಲ್ಲ ಬಾಯಿಪಾಠ.

ನಮ್ಮ ಹೋಟೆಲಿನಲ್ಲಿ ಎರಡು ಪಕ್ಷ. ದೋಸೆಕಲ್ಲಿನ ಮುಂದೆ ನಿಲ್ಲುವವನೂ ಅವನ ಕಡೆಯವರೂ ಅಳುವುದರಲ್ಲಿ ಹೆಸರಾದ ಒಬ್ಬ ಹೀರೋನ ಅಭಿಮಾನಿಗಳು. ನಾನೂ ನನ್ನ ಕಡೆಯವರೂ ನಗಿಸುವುದರಲ್ಲಿ ಹೆಸರಾದ ಇನ್ನೊಬ್ಬನವರು. ಹೊಸ ಪಿಚ್ಚರ್ ಶುಕ್ರವಾರ ಬಂದರೆ ಧಣಿಗಳ ಕೈಕಾಲು ಹಿಡಿದು ಎರಡೂ ಪಕ್ಷದಿಂದ ಇಬ್ಬಿಬ್ಬರು ಮೊದಲ ಆಟಕ್ಕೆ ಹೋಗುವುದು, ಬಂದು ಅಡುಗೆಮನೆಯ ಬಾಗಿಲಲ್ಲಿ ನಿಂತು ತೀರ್ಪು ಹೇಳುವುದು. ಕಥೆ ಬಿಚ್ಚುವ ಹಾಗಿಲ್ಲ, ಅಡುಗೆಯ ಮಾತಿನಲ್ಲೇ ಹೇಳಬೇಕು. ‘ಹಿಟ್ಟು ಉಬ್ಬಿದೆ’ ಅಂದರೆ ಚೆನ್ನಾಗಿದೆ, ಎಲ್ಲರೂ ಹೋಗಬಹುದು. ‘ಉಪ್ಪು ಕಮ್ಮಿ’ ಅಂದರೆ ಒಂದು ಸಲಕ್ಕೆ ಅಡ್ಡಿಯಿಲ್ಲ. ‘ನಿನ್ನೆಯ ಸಾಂಬಾರು’ ಅಂದರೆ ಹಳೆಯ ಕಥೆಯನ್ನೇ ಬಿಸಿ ಮಾಡಿ ಬಡಿಸಿದ್ದಾರೆ. ನನ್ನ ತೀರ್ಪಿಗೆ ಬೆಲೆ ಜಾಸ್ತಿ. ಹತ್ತಿರದ ಥಿಯೇಟರಿನ ಮ್ಯಾನೇಜರ್, ಒಬ್ಬ ಗುಜರಾತಿ, ಸಂಜೆ ನನ್ನ ಟೇಬಲಿಗೇ ಬಂದು ಕೂತು ಚಾ ಕುಡಿಯುತ್ತ ‘ಕ್ಯಾ ಬೋಲ್ತಾ ಹೈ ಪಬ್ಲಿಕ್?’ ಎಂದು ಕೇಳುತ್ತಿದ್ದ. ಪಬ್ಲಿಕ್ ಅಂದರೆ ನಾನೇ ಎಂದು ನನಗೆ ಅನಿಸುತ್ತಿತ್ತು. ತಲೆ ತಿರುಗಿತ್ತು ಅನ್ನಿ.

ನಾವು ನಾಲ್ಕು ಜನ ಹೋಟೆಲಿನವರು ಸೇರಿ ಒಂದು ಚಾಳಿನಲ್ಲಿ ಖೋಲಿ, ಅಂದರೆ ಒಂದೇ ಕೋಣೆ, ಹಿಡಿದಿದ್ದೆವು. ಪಕ್ಕದ ಖೋಲಿಯಲ್ಲಿ ಧಾರವಾಡ ಕಡೆಯ ಗಂಡ ಹೆಂಡತಿ. ಗಂಡನನ್ನು ನಾನು ಅಣ್ಣ ಎನ್ನುತ್ತಿದ್ದೆ, ಹೆಂಡತಿಯನ್ನು ಅತ್ತಿಗೆ ಎನ್ನುವ ಬದಲು ಅವರ ಕಡೆಯ ಪದ್ಧತಿಯಂತೆ ವೈನಿ ಎನ್ನುತ್ತಿದ್ದೆ. ಅಣ್ಣ ಸಾಂತಾಕ್ರೂಜ್‌ನ ಒಂದು ಬಟ್ಟೆ ಅಂಗಡಿಯಲ್ಲಿ ನೌಕರ, ದಿನವಿಡೀ ಗಜಕೋಲು ಹಿಡಿದು ಅರಿವೆ ಅಳೆಯುವುದು. ಅವರ ಬಲಗೈಯ ತೋರುಬೆರಳು ಚಿಕ್ಕಂದಿನಲ್ಲಿ ಮುರಿದು, ನೆಟ್ಟಗೆ ಕೂಡದೆ ಹೊರಗಡೆಗೆ ಬಾಗಿತ್ತು. ‘ಈ ಬೆರಳಿಂದ ಅಳದ್ರ ಗಿರಾಕಿಗೆ ಒಂದು ಬೆರಳ ಅರಿವಿ ಜಾಸ್ತಿ ಹೋಗ್ತೈತಿ, ಸೇಟ್ ಬೈತಾನ’ ಎಂದು ಅವರೇ ನಗುತ್ತಿದ್ದರು. ಮೆತ್ತಗಿನ ಮನುಷ್ಯ. ನಾನು ಸಿಟ್ಟಿನಲ್ಲಿ ಕೂಗಾಡುವಾಗ ಬಾಗಿಲಿಗೆ ಬಂದು, ‘ಯಾಕಪಾ ತಮ್ಮಾ, ಇವತ್ತ ಮತ್ತ ನಿನ್ನ ಹೀರೋಗ ಯಾರರೆ ಬೈದ್ರೇನು?’ ಎನ್ನುತ್ತಿದ್ದರು. ಆಮೇಲೆ ಸಿಟ್ಟು ಎಲ್ಲಿ ನಿಲ್ಲುತ್ತದೆ? ವೈನಿ ರೊಟ್ಟಿ ಬಡಿದ ದಿನ ನಾವು ನಾಲ್ವರೂ ಒಂದೊಂದು ಕೈಯಲ್ಲಿ ಹಿಡಿದುಕೊಂಡೇ ಡ್ಯೂಟಿಗೆ ಹೋಗುತ್ತಿದ್ದೆವು.

ಮಲಾಡಿನಲ್ಲಿ ಆಗ ಶೂಟಿಂಗ್ ನಡೆಯುತ್ತಿತ್ತು. ಗುಂಪಿನ ದೃಶ್ಯಕ್ಕೆ ಜನ ಬೇಕಾದರೆ ಸ್ಟುಡಿಯೋದ ಒಬ್ಬ ಆಳು ಚಾಳಿಗೆ ಬಂದು ಕೇಳುತ್ತಿದ್ದ. ಒಂದು ರಜಾದಿನ ಅವನು ಬಂದದ್ದು ಹಳ್ಳಿಯ ಸಂತೆಯ ದೃಶ್ಯಕ್ಕೆ. ಸ್ವಂತ ಧೋತರ, ಸ್ವಂತ ರುಮಾಲು ಇದ್ದವರೇ ಬೇಕು. ಅಣ್ಣನ ಹತ್ತಿರ ಮದುವೆಯ ರುಮಾಲು ಇತ್ತು, ಹಬ್ಬಕ್ಕೆ ಬಿಟ್ಟರೆ ಪೆಟ್ಟಿಗೆಯಿಂದ ತೆಗೆಯದ್ದು. ನಾವೇ ಹಿಂದೆ ಬಿದ್ದು ಅವರನ್ನು ಕಳಿಸಿದೆವು. ನನಗೆ ರುಮಾಲು ಇರಲಿಲ್ಲ, ಹೊಟ್ಟೆಕಿಚ್ಚಿನಿಂದ ಸತ್ತೆ.

ಸಂಜೆ ಅಣ್ಣ ವಾಪಸು ಬಂದಾಗ ಇಡೀ ಚಾಳು ಅವರ ಖೋಲಿಯ ಮುಂದೆ. ನಾನು ಎಲ್ಲರಿಗಿಂತ ಮುಂದೆ.

‘ಅಣ್ಣ, ನಮ್ಮ ಹೀರೋ ಇದ್ದನಾ?’

ಅಣ್ಣ ನನ್ನ ಮುಖ ನೋಡಿದರು. ‘ಇದ್ದನೇನು ಅಂತ ಕೇಳ್ತಿಯಲ್ಲೋ. ನನ್ನ ಬಾಜೂಕ ನಿಂತಿದ್ದ. ಹೆಗಲ ಮ್ಯಾಲ ಕೈ ಇಟ್ಟು, ಕೈಸಾ ಹೈ ಭಾಯಿ ಅಂದ.’

ನಾನು ಆ ಹೆಗಲನ್ನು ಮುಟ್ಟಿ ನೋಡಿದೆ. ಎಲ್ಲರೂ ನಕ್ಕರು. ವೈನಿಯೂ ಸೆರಗು ಬಾಯಿಗೆ ಹಿಡಿದು ನಕ್ಕರು. ಆ ನಗು ಯಾಕೆ ಎಂದು ನನಗೆ ಮೂರು ವರ್ಷ ತಿಳಿಯಲಿಲ್ಲ.

ವೈನಿಗೆ ಆಗ ಒಂದೇ ಆಸೆ. ಸ್ಟೇಷನ್ ರಸ್ತೆಯಲ್ಲಿ ಒಬ್ಬ ಫೋಟೋದವನಿದ್ದ, ಹಿಂದೆ ತಾಜಮಹಲಿನ ಪರದೆ ಕಟ್ಟಿಕೊಂಡು. ಅವನ ಹತ್ತಿರ ಗಂಡ ಹೆಂಡತಿ ಇಬ್ಬರೂ ಒಂದು ಫೋಟೋ ಹೊಡೆಸಿಕೊಳ್ಳಬೇಕು. ಮದುವೆಯಲ್ಲಿ ಅದೆಲ್ಲ ಇರಲಿಲ್ಲ. ಈಗ ಬಸಿರು ಬೇರೆ, ಕೂಸು ಹುಟ್ಟಿದ ಮೇಲೆ ಮೂವರೂ ಹೋಗೋಣ ಎಂದು ಮುಂದೆ ಹಾಕಿದ್ದರು. ಸಂತೆಯ ಶೂಟಿಂಗ್ ಆದ ಮೇಲೆ ಅಣ್ಣನಿಗೆ ಹೊಸ ನೆವ ಸಿಕ್ಕಿತು. ‘ಫೋಟೋ ಯಾಕ ಬೇಕ? ಇಡೀ ಹಿಂದುಸ್ತಾನ ನನ್ನ ಮಾರಿ ನೋಡೂದೈತಿ. ಪಿಚ್ಚರ್ ಬರ್ಲಿ, ಥಿಯೇಟರಿನ್ಯಾಗ ಕುಂತು ನೋಡೂಣು’ ಎನ್ನುತ್ತಿದ್ದರು. ಅವರ ಕಡೆ ಮುಖಕ್ಕೆ ಮಾರಿ ಎನ್ನುತ್ತಾರೆ. ಮಗಳು ಹುಟ್ಟಿದಳು, ತೆವಳಿದಳು, ನಿಂತಳು. ಪಿಚ್ಚರ್ ಬರಲಿಲ್ಲ, ಫೋಟೋವೂ ಆಗಲಿಲ್ಲ.

ಮಗಳಿಗೆ ಒಂದು ವರ್ಷ ತುಂಬಿದ ಸ್ವಲ್ಪ ದಿನಕ್ಕೆ ಅಣ್ಣನಿಗೆ ವಿಷಮಶೀತ ಜ್ವರ ಬಂತು. ಹದಿನೆಂಟು ದಿನ ಮಲಗಿದರು. ಹತ್ತೊಂಬತ್ತನೆಯ ದಿನ ಬೆಳಿಗ್ಗೆ ನಾನು ಇಡ್ಲಿಯ ಪಾತ್ರೆ ಇಳಿಸುತ್ತಿದ್ದಾಗ ನಮ್ಮ ಖೋಲಿಯವನೊಬ್ಬ ಓಡಿಬಂದು ಅಣ್ಣ ಹೋದರು ಎಂದು ಹೇಳಿದ. ಮೂವತ್ತೆರಡರ ಮನುಷ್ಯ. ನಾನು ಆ ದಿನ ಅತ್ತ ಹಾಗೆ ನನ್ನ ಅಪ್ಪ ಹೋದಾಗಲೂ ಅತ್ತವನಲ್ಲ.

ವೈನಿ ಊರಿಗೆ ಹೋಗಲಿಲ್ಲ. ಅಲ್ಲಿ ಕರೆಯುವವರು ಯಾರೂ ಇರಲಿಲ್ಲ. ಅಣ್ಣನ ಅಂಗಡಿಯವರೇ ಲಂಗ, ಜಂಪರು ಹೊಲಿಯಲು ಕೊಟ್ಟರು, ಮನೆಯಲ್ಲೇ ಕೂತು ಹೊಲಿದರು. ವರ್ಷಾಬ್ದಿಕದ ದಿನ ನಾವೆಲ್ಲ ಹೋಗಿದ್ದೆವು. ಬೇರೆಯವರ ಮನೆಯಲ್ಲಿ ಮಣೆಯ ಮೇಲೆ ಫೋಟೋ ಇಟ್ಟು ಹಾರ ಹಾಕುತ್ತಾರೆ. ವೈನಿ ಮಣೆಯ ಮೇಲೆ ಆ ರುಮಾಲು ಇಟ್ಟಿದ್ದರು. ಎರಡು ವರ್ಷದ ಮಗಳು ರುಮಾಲಿಗೆ ಕೈಮುಗಿದು, ‘ಅಪ್ಪಾ’ ಅಂತು. ನನಗೆ ಅಲ್ಲಿ ನಿಲ್ಲಲಾಗಲಿಲ್ಲ, ಗ್ಯಾಲರಿಗೆ ಬಂದು ನಿಂತೆ. ಹಿಂದೆಯೇ ವೈನಿ ಬಂದರು.

‘ತಮ್ಮಾ, ನಿನಗ ಸಿನೆಮಾದ್ದೆಲ್ಲಾ ತಿಳೀತೈತಿ. ಆ ಪಿಚ್ಚರ್ ಎಂದ ಬರ್ತೈತಿ? ಒಂದ ಸಲ ಇಕಿಗೆ ಅವರ ಮಾರಿ ತೋರಿಸ್ಬೇಕು. ನನಗೂ ಇತ್ತಿತ್ಲಾಗ ಮಾರಿ ಮಸಕಾಗಾಕ ಹತ್ತೇತಿ. ಬೆರಳ ನೆನಪೈತಿ, ದನಿ ನೆನಪೈತಿ. ಮಾರಿ ಹಿಡದ್ರ ಸಿಗವಲ್ತು.’

ನಾನು ಮಾತು ಕೊಟ್ಟೆ. ಪಿಚ್ಚರ್ ಬಂದ ದಿನವೇ ನೋಡಿ ಬಂದು ಅಣ್ಣ ಎಲ್ಲಿ ಬರುತ್ತಾರೆ, ಪರದೆಯ ಯಾವ ಕಡೆ ಬರುತ್ತಾರೆ ಎಂದು ಮೊದಲೇ ಹೇಳುತ್ತೇನೆ, ಕಣ್ಣು ಮಿಟುಕಿಸುವಷ್ಟರಲ್ಲಿ ಹೋಗಿಬಿಟ್ಟರೆ ಕಷ್ಟ ಎಂದೆ.

ಆ ಪಿಚ್ಚರ್ ಬರುವ ಲಕ್ಷಣವೇ ಇರಲಿಲ್ಲ. ಒಮ್ಮೆ ಮಲಾಡ್ ಸ್ಟೇಷನ್ನಿನ ಸೇತುವೆಗೆ ಪೋಸ್ಟರ್ ಅಂಟಿಸಿದರು, ಮಳೆಗಾಲದಲ್ಲಿ ಅದು ಕರಗಿ ಬಿದ್ದಿತು. ಹೆಸರು ಬದಲಾಯಿತು ಎಂದರು. ಹೀರೋಯಿನ್ ಜಗಳ ಮಾಡಿ ಬಿಟ್ಟುಹೋದಳು ಎಂದರು. ನಾವು ಅಭಿಮಾನಿಗಳು ಅದಕ್ಕೇ ಕಾದಾಡಿಕೊಂಡೆವು. ದೋಸೆಯವನು, ‘ನಿಮ್ಮವನ ಪಿಚ್ಚರ್ ಡಬ್ಬದಲ್ಲೇ ಹುಳಿ ಬಂದು ಹೋಯ್ತು ಮಾರಾಯ’ ಅಂದದ್ದಕ್ಕೆ ನಾನು ಅವನ ಮೇಲೆ ಚಟ್ನಿ ಎತ್ತಿ ಹೊಯ್ದಿದ್ದೆ. ನನಗೆ ಹೀರೋನ ಮರ್ಯಾದೆಯ ಪ್ರಶ್ನೆ. ವೈನಿ ಪ್ರತಿ ಶುಕ್ರವಾರ ನಾನು ಡ್ಯೂಟಿಗೆ ಹೋಗುವಾಗ ಹೊಲಿಗೆಯಿಂದ ತಲೆ ಎತ್ತಿ, ‘ಬಂತೇನು?’ ಎಂದಷ್ಟೇ ಕೇಳುತ್ತಿದ್ದರು.

ಅಂತೂ ಒಂದು ಶುಕ್ರವಾರ ಬಂತು.

ಮೊದಲ ಆಟ. ನಾನೂ ನನ್ನ ಕಡೆಯ ಇನ್ನೊಬ್ಬನೂ ಮುಂದಿನ ಬೆಂಚಿನಲ್ಲಿ ಕೂತೆವು, ದೋಸೆಯವನ ಪಕ್ಷ ಹಿಂದಿನ ಸಾಲಿನಲ್ಲಿ. ಬೊರಿವಲಿಯಿಂದ ಕೂಡ ಜನ ಬಂದಿದ್ದರು. ಹೀರೋ ಕಂಡದ್ದೇ ತಡ, ಸೀಟಿ, ಪರದೆಗೆ ಚಿಲ್ಲರೆ ಎಸೆತ, ಕುಣಿತ. ನಾನು ಸೀಟಿ ಹೊಡೆಯುತ್ತಲೇ ಅಣ್ಣನನ್ನು ಹುಡುಕಿದೆ. ಸುಳ್ಳು ಹೇಳುತ್ತಿಲ್ಲ, ನಿಜವಾಗಿ ಹುಡುಕಿದೆ. ಹೀರೋ ಎಲ್ಲೆಲ್ಲಿ ಇದ್ದನೋ ಅಲ್ಲೆಲ್ಲ ಅವನ ಪಕ್ಕದಲ್ಲಿ, ಹೆಗಲ ಹತ್ತಿರ, ಹಿಂದೆ ಕಣ್ಣು ಹಾಯಿಸಿದೆ. ಸ್ಟೇಷನ್ನಿನಲ್ಲಿ ಗುಂಪು ಬಂತು, ಕೋರ್ಟಿನಲ್ಲಿ ಬಂತು, ಅಣ್ಣ ಇರಲಿಲ್ಲ. ಹೀರೋ ಪಕ್ಕದಲ್ಲಿ ನಿಂತು ಹೆಗಲು ಮುಟ್ಟಿದ್ದ ಎಂದು ಅವರೇ ಹೇಳಿದ್ದರಲ್ಲ, ಆ ಸಂತೆಯೂ ಅವನಿದ್ದಲ್ಲೇ ಬರಬೇಕು ಎಂದು ನನ್ನ ಲೆಕ್ಕ.

ಇಂಟರ್ವಲ್ ಆದ ಮೇಲೆ ಹೀರೋ ಜೈಲಿಗೆ ಹೋದ. ಅವನು ಯಾವಾಗ ಹೊರಗೆ ಬರುತ್ತಾನೆ ಎಂದು ನಾವೆಲ್ಲ ತುದಿಗಾಲಲ್ಲಿ ಇರುವಾಗ ಒಬ್ಬ ಮುದುಕ ಭಿಕ್ಷುಕ ಏಕತಾರಿ ಹಿಡಿದು ಹಾಡುತ್ತ ಬಂದ. ನಿಧಾನದ ಹಾಡು. ಮುಗಿಯುವುದೇ ಇಲ್ಲ. ಹಿಂದಿನ ಸಾಲಿನಿಂದ ದೋಸೆಯವನು, ‘ನಿನ್ನೆಯ ಸಾಂಬಾರು’ ಎಂದು ಕೂಗಿದ. ಎಲ್ಲರೂ ನೆಲಕ್ಕೆ ಕಾಲು ಬಡಿಯಲು ಶುರುಮಾಡಿದರು. ನನಗೆ ಎಲ್ಲಿಲ್ಲದ ಸಿಟ್ಟು ಬಂತು. ನಮ್ಮ ಹೀರೋನ ಪಿಚ್ಚರ್ ಈ ಮುದುಕನ ದೆಸೆಯಿಂದ ಕೆಟ್ಟು ಹೋಗುತ್ತದಲ್ಲ ಎಂದು. ಬೆಂಚಿನ ಮೇಲೆ ಹತ್ತಿದೆ. ಪರದೆಗೆ ಬೆನ್ನು ಹಾಕಿ, ಮೇಲಿನ ಪ್ರೊಜೆಕ್ಟರಿನ ಕಿಂಡಿಗೆ ಮುಖ ಮಾಡಿ, ಎರಡೂ ಕೈ ಬೀಸಿ, ‘ಕಾಟೋ, ಕಾಟೋ’, ಕತ್ತರಿಸಿ ಕತ್ತರಿಸಿ, ಎಂದು ಕೂಗಿದೆ. ಇಡೀ ಥಿಯೇಟರು ನನ್ನ ಹಿಂದೆ ಕೂಗಿತು. ನನ್ನ ತಲೆಯ ನೆರಳು ಪರದೆಯ ಮೇಲೆ ಬಿದ್ದಿತ್ತಂತೆ, ಜನ ಅದಕ್ಕೂ ನಕ್ಕರು. ಹಾಡು ಮುಗಿಯುವ ತನಕ ನಾನು ಹಾಗೇ ನಿಂತಿದ್ದೆ. ಆ ಹೊತ್ತು ಪರದೆಯಲ್ಲಿ ಏನು ನಡೆಯಿತು ನನಗೆ ಗೊತ್ತಿಲ್ಲ.

ಸಂಜೆ ಮ್ಯಾನೇಜರ್ ಬಂದು ಕೂತ. ಕೇಳುವ ಮೊದಲೇ ನಾನು ಹೇಳಿದೆ: ಹಿಟ್ಟು ಉಬ್ಬಿದೆ, ಆದರೆ ಇಂಟರ್ವಲ್ ಆದ ಮೇಲೆ ಆ ಮುದುಕನ ಹಾಡು ತೆಗೆಸಿ, ಇಲ್ಲದಿದ್ದರೆ ಸೋಮವಾರಕ್ಕೆ ಬೆಂಚು ಖಾಲಿ. ಅವನು ಚಾ ಕುಡಿದು ತಲೆಯಾಡಿಸಿದ. ನಾನು ಅವನಿಗೆ ಇನ್ನೊಂದು ಚಾ ತಂದುಕೊಟ್ಟೆ. ಅಷ್ಟು ಖುಷಿ.

ಖೋಲಿಗೆ ಹೋದಾಗ ವೈನಿ ಬಾಗಿಲಲ್ಲೇ ನಿಂತಿದ್ದರು. ಮಗಳು ಕಾಲಿಗೆ ಆತುಕೊಂಡಿದ್ದಳು.

‘ಕಂಡರೇನೋ ತಮ್ಮಾ?’

ಇಲ್ಲ ಎನ್ನಲು ಬಾಯಿ ಬರಲಿಲ್ಲ. ಮೂರು ವರ್ಷ ಕಾದವರ ಮುಖ ಅದು. ಎಲ್ಲೋ ಗುಂಪಿನಲ್ಲಿ ಇದ್ದೇ ಇರುತ್ತಾರೆ, ಗಲಾಟೆಯಲ್ಲಿ ನನಗೆ ತಪ್ಪಿಹೋಗಿರಬೇಕು, ವೈನಿ ನೋಡಿದರೆ ಒಂದೇ ಸಲಕ್ಕೆ ಗುರುತು ಹಿಡಿಯುತ್ತಾರೆ ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡೆ.

‘ಕಂಡರು ವೈನಿ. ಲಾಯ್ಕ ಕಾಣ್ತಾರೆ. ನಾನು ಹೇಳುದು ಬೇಡ, ನೀವೇ ನೋಡಿ.’

ವೈನಿ ಮಗಳನ್ನು ಎತ್ತಿಕೊಂಡು ಅದರ ತಲೆಗೆ ಗಲ್ಲ ಊರಿದರು. ಆಮೇಲೆ, ‘ನಾಳೇನ ಹೋಗೂಣು’ ಅಂದರು.

‘ನಾಳೆ, ನಾಡಿದ್ದು ಬೇಡ ವೈನಿ. ಸೀಟಿ, ಗಲಾಟೆ, ನಿಮಗೆ ಎಂತದೂ ಕಾಣುದಿಲ್ಲ. ಬುಧವಾರ ಮಧ್ಯಾಹ್ನ ನನಗೆ ರಜೆ ಉಂಟು. ಜನ ಕಮ್ಮಿ ಇರ್ತಾರೆ. ಆರಾಮಲ್ಲಿ ನೋಡುವ.’

ಹಾಗೆ ಹೇಳಿದವನೂ ನಾನೇ. ಶನಿವಾರವೇ ಹೋಗಿದ್ದರೆ ಎಂದು ಎಷ್ಟು ಸಲ ಯೋಚಿಸಿದ್ದೇನೋ.

ಬುಧವಾರ ವೈನಿ ಮಗಳಿಗೆ ತಲೆ ಬಾಚಿ, ಹೊಸ ಲಂಗ ಹಾಕಿ ಹೊರಟರು. ಚಾಳಿನ ನಲ್ಲಿಯ ಹತ್ತಿರ ಇಬ್ಬರು ಹೆಂಗಸರು ಗಂಡ ಸತ್ತವಳಿಗೆ ಸಿನೆಮಾ ಬೇರೆ ಕೇಡು ಎಂಬ ಹಾಗೆ ಏನೋ ಪಿಸುಗುಟ್ಟಿದರು. ನಾನು ಜಗಳಕ್ಕೆ ತಿರುಗಿದೆ. ವೈನಿ ನನ್ನನ್ನು ತಡೆದು ಅವರಿಗೆ ಮೆತ್ತಗೆ ಹೇಳಿದರು: ‘ನಾ ಸಿನೆಮಾ ನೋಡಾಕ ಹೊಂಟಿಲ್ರಿ. ನಮ್ಮ ಮನಿಯವರನ್ನ ನೋಡಾಕ ಹೊಂಟೀನಿ.’ ಅವರು ಕೊಡ ತುಂಬಿದ್ದೂ ಮರೆತು ನಿಂತರು.

ಹೆಂಗಸರ ಜಾಗದಲ್ಲಿ ವೈನಿ ಕೂತರು, ಅಡ್ಡಗೋಡೆಯ ಈಚೆ ತುದಿಯ ಕುರ್ಚಿಯಲ್ಲಿ ನಾನು. ಜನ ನಿಜವಾಗಿಯೂ ಕಡಿಮೆ ಇದ್ದರು, ಅವರು ಮಗಳಿಗೆ ಹೇಳುವುದೆಲ್ಲ ನನಗೆ ಕೇಳಿಸುತ್ತಿತ್ತು. ಹೀರೋ ಬಂದ, ನಾನು ಸೀಟಿ ಹೊಡೆಯಲಿಲ್ಲ. ಸ್ಟೇಷನ್ನಿನ ಗುಂಪಿನಲ್ಲಿ ಅಣ್ಣನನ್ನು ಹುಡುಕಿದೆ, ಕೋರ್ಟಿನಲ್ಲಿ ಹುಡುಕಿದೆ. ವೈನಿ ಅಲ್ಲೆಲ್ಲ ಸುಮ್ಮನೆ ಕೂತಿದ್ದರು, ಅದು ನನಗೆ ವಿಚಿತ್ರ ಅನಿಸಿತು. ಇಂಟರ್ವಲ್ಲಿನಲ್ಲಿ ಮಗಳು ನಿದ್ದೆಹೋಗಿತ್ತು. ಹೀರೋ ಜೈಲಿಗೆ ಹೋದದ್ದೇ ವೈನಿ ಅದನ್ನು ತಟ್ಟಿ ಎಬ್ಬಿಸಿದರು. ‘ಏಳವಾ, ಏಳು. ಈಗ ಬರ್ತಾರ ನೋಡು. ಈಗ ಅಪ್ಪ ಬರ್ತಾರ.’

ಪರದೆಯಲ್ಲಿ ಒಂದು ಕುಪ್ಪಳಿಕೆ ಆಯಿತು. ಹೀರೋ ಜೈಲಿನ ಬಾಗಿಲಲ್ಲಿದ್ದ, ಮರುಕ್ಷಣ ಹೊರಗೆ ರಸ್ತೆಯಲ್ಲಿದ್ದ. ಮುದುಕನ ಹಾಡಿಲ್ಲ. ನನ್ನ ಮಾತು ನಡೆಯಿತು ಎಂದು ನನಗೆ ಒಂದು ಕ್ಷಣ ಹೆಮ್ಮೆಯೇ ಆಯಿತು. ಅದನ್ನು ಬರೆಯದೆ ಬಿಡಬಹುದಿತ್ತು, ಆದರೆ ಆಯಿತು.

ಪಿಚ್ಚರ್ ಮುಗಿಯಿತು, ದೀಪ ಹತ್ತಿತು, ಜನ ಎದ್ದರು. ವೈನಿ ಏಳಲಿಲ್ಲ. ಮಗಳನ್ನು ಮಡಿಲಲ್ಲಿ ನಿಲ್ಲಿಸಿಕೊಂಡು ಬಿಳಿಯ ಪರದೆಯನ್ನೇ ನೋಡುತ್ತಿದ್ದರು. ನಾನು ಹತ್ತಿರ ಹೋದೆ.

‘ಮುದುಕ ಬರಲೇ ಇಲ್ಲಲ್ಲೋ ತಮ್ಮಾ.’

‘ಯಾವ ಮುದುಕ ವೈನಿ?’

‘ಏಕತಾರಿ ಮುದುಕ. ಅಂವಾ ಹಾಡ್ಕೋತ ಸಂತ್ಯಾಗ ಬರ್ತಾನ. ಇವರು ಜೋಳದ ಚೀಲದ ಮುಂದ ಕುಂತಿರ್ತಾರ. ಬೊಗಸಿ ತುಂಬ ಜೋಳಾ ಅವನ ಜೋಳಿಗ್ಯಾಗ ಹಾಕಿ, ಮಾರಿ ಮ್ಯಾಲೆತ್ತಿ ನೋಡ್ತಾರ. ಐದಾರು ಸಲ ಮಾಡಿಸಿದ್ರಂತ. ಹೀರೋ ಜೈಲಿಗೆ ಹೋದ ಮ್ಯಾಲ ಇದು ಬರ್ತೈತಿ ಅಂತ ಶೂಟಿಂಗದವರ ಇವರಿಗೆ ಹೇಳಿದ್ರಂತ.’

‘ಹೀರೋ ಪಕ್ಕದಲ್ಲಿ ಇದ್ದ ಅಂತ ಅಣ್ಣ ಹೇಳಿದ್ದರಲ್ಲ?’

‘ಹೀರೋ ಎಲ್ಲಿದ್ದನೋ ಮಾರಾಯಾ. ಅವತ್ತ ಅಂವಾ ಬಂದೇ ಇರಲಿಲ್ಲ. ನಿನ್ನ ಮಾರಿ ನೋಡಿ, ಪಾಪ ಹುಡುಗ ಖುಷಿಪಡ್ಲಿ ಅಂತ ಸುಳ್ಳ ಹೇಳಿದ್ರು. ನೀ ಹೆಗಲಾ ಮುಟ್ಟಿದ್ದಕ್ಕ ರಾತ್ರೆಲ್ಲಾ ನಕ್ಕೀವಿ ನಾವು.’ ಆಮೇಲೆ ತಮಗೆ ತಾವೇ ಹೇಳಿಕೊಳ್ಳುವ ಹಾಗೆ, ‘ನೀ ಶುಕ್ರವಾರ ನೋಡಿದ್ದಿ. ಹಂಗಾದ್ರ ಆಮ್ಯಾಲ ತಗದಾರ’ ಅಂದರು.

ವೈನಿಯನ್ನು ಚಾಳಿನ ತನಕ ಬಿಟ್ಟು ಬಂದೆ. ದಾರಿಯಲ್ಲಿ ಮಗಳು, ‘ಅಪ್ಪ ಯಾಕ ಬರಲಿಲ್ಲ?’ ಎಂದು ಎರಡು ಸಲ ಕೇಳಿತು.

ಅಲ್ಲಿಂದ ನೆಟ್ಟಗೆ ಮ್ಯಾನೇಜರನ ಕೋಣೆಗೆ ಹೋಗಿ ಕೂಗಾಡಿದೆ. ಯಾರನ್ನು ಕೇಳಿ ತೆಗೆದಿರಿ ಎಂದೆ. ಅವನು ನನ್ನನ್ನು ಹುಚ್ಚನನ್ನು ನೋಡುವ ಹಾಗೆ ನೋಡಿ, ‘ತೂನೇ ಹೀ ತೋ ಬೋಲಾ’, ನೀನೇ ತಾನೇ ಹೇಳಿದ್ದು, ಅಂದ. ನಾನು ಅವನ ಎದುರಿಗೇ ಕುಸಿದು ಕೂತು ಎಲ್ಲ ಹೇಳಿದೆ. ಒಳ್ಳೆಯ ಮನುಷ್ಯ. ನೀನೊಬ್ಬನೇ ಅಲ್ಲ, ಎಲ್ಲ ಥಿಯೇಟರಿನಿಂದಲೂ ಅದೇ ದೂರು ಬಂತು, ಶನಿವಾರ ರಾತ್ರಿಯೇ ವಿತರಕರು ಎಲ್ಲ ಕಡೆ ತೆಗೆಯಲು ಹೇಳಿದರು ಎಂದ. ಸಮಾಧಾನಕ್ಕೆ ಹೇಳಿದನೋ ನಿಜವೋ ಇವತ್ತಿಗೂ ಗೊತ್ತಿಲ್ಲ. ಮರುದಿನ ಡ್ಯೂಟಿ ತಪ್ಪಿಸಿ ಸಾಂತಾಕ್ರೂಜ್‌ಗೆ ಹೋಗಿ ಅಲ್ಲಿಯ ಥಿಯೇಟರಿನಲ್ಲಿ ನೋಡಿದೆ, ಹಾಡಿಲ್ಲ. ಅದರ ಮರುದಿನ ಬೊರಿವಲಿಯಲ್ಲಿ ನೋಡಿದೆ, ಅಲ್ಲಿಯೂ ಇಲ್ಲ. ಧಣಿಗಳು ಬೈದದ್ದು ಕಿವಿಗೇ ಹೋಗಲಿಲ್ಲ. ವಿತರಕರ ಆಫೀಸಿನ ಮೆಟ್ಟಿಲು ಹತ್ತಿದರೆ ಅಲ್ಲಿಯ ಗುಮಾಸ್ತ ಕತ್ತೆತ್ತದೆ ಹೇಳಿದ, ಕತ್ತರಿಸಿದ ಫಿಲ್ಮನ್ನೆಲ್ಲ ಬಳೆ ಮಾಡುವವರು ಒಯ್ಯುತ್ತಾರೆ, ಈ ವಾರದ್ದೂ ಹೋಯಿತು ಎಂದು.

ಕೊನೆಗೆ ನಮ್ಮ ಥಿಯೇಟರಿನ ಪ್ರೊಜೆಕ್ಟರ್ ನಡೆಸುವವನೇ ಕೈಹಿಡಿದ. ಶನಿವಾರ ರಾತ್ರಿ ಕತ್ತರಿಸಿ ಅಂಟಿಸುವಾಗ ಉಳಿದ ಚೂರುಗಳನ್ನು ಅವನು ಒಂದು ತಗಡಿನ ಡಬ್ಬಿಗೆ ಹಾಕಿಟ್ಟಿದ್ದ, ಮಕ್ಕಳು ಬಂದರೆ ಕೊಡಲು. ಇಬ್ಬರೂ ಕೂತು ಒಂದೊಂದನ್ನೇ ಬಲ್ಬಿಗೆ ಹಿಡಿದು ನೋಡಿದೆವು. ಮುದುಕನ ಗಡ್ಡ. ಏಕತಾರಿ. ಮತ್ತೆ ಗಡ್ಡ. ಒಂದೇ ಒಂದು ಚೂರು, ಗೇಣುದ್ದದ್ದು, ಅದರಲ್ಲಿ ಜೋಳಿಗೆ, ಜೋಳಿಗೆಯ ಮೇಲೆ ಒಂದು ಬೊಗಸೆ. ಕೈಯಿಂದ ಆಚೆಗೆ ಏನೂ ಇಲ್ಲ. ಮುಖ ಮೇಲೆತ್ತುವ ಮೊದಲೇ ಚೂರು ಮುಗಿದಿತ್ತು.

ನಾನು ಅದನ್ನು ಕಾಗದದಲ್ಲಿ ಸುತ್ತಿಕೊಂಡು ಮಧ್ಯಾಹ್ನ ಚಾಳಿಗೆ ಹೋದೆ. ವೈನಿ ಗ್ಯಾಲರಿಯಲ್ಲಿ ಬಿಸಿಲಿಗೆ ಬೆನ್ನು ಕೊಟ್ಟು ಅಕ್ಕಿ ಆರಿಸುತ್ತಿದ್ದರು, ಮಗಳು ಪಕ್ಕದಲ್ಲಿ ನೆಲ್ಲು ಹೆಕ್ಕುತ್ತಿತ್ತು. ಚೂರನ್ನು ಕೈಗೆ ಕೊಟ್ಟೆ, ಬೆಳಕಿಗೆ ಹಿಡಿಯಿರಿ ಎಂದು ತೋರಿಸಿದೆ. ಅವರು ಬಿಸಿಲಿನ ಕಡೆ ತಿರುಗಿ ಕೂತು, ಕಣ್ಣು ಕಿರಿದು ಮಾಡಿ ನೋಡಿದರು. ನೋಡಿದರು, ನೋಡಿದರು.

‘ಬೆರಳ ನೋಡೋ,’ ಅಂದರು. ‘ಇದು ಅವರ ಕೈ.’

ನಿಜ. ಅಷ್ಟು ಚಿಕ್ಕ ಚಿತ್ರದಲ್ಲಿಯೂ ಬಲಗೈಯ ತೋರುಬೆರಳು ಹೊರಗಡೆಗೆ ಬಾಗಿದ್ದು ಕಾಣುತ್ತಿತ್ತು.

ವೈನಿ ಮಗಳನ್ನು ಎಳೆದು ಮಡಿಲಲ್ಲಿ ಕೂರಿಸಿಕೊಂಡು ಚೂರನ್ನು ಅದರ ಕಣ್ಣಿಗೆ ಹಿಡಿದರು. ‘ನೋಡವಾ. ನಿಮ್ಮಪ್ಪನ ಕೈ.’

ಮಗು ನೋಡಿತು. ಚೂರನ್ನು ತಿರುಗಿಸಿತು, ಮೇಲೆ ಕೆಳಗೆ ಮಾಡಿತು. ‘ಮಾರಿ ಎಲ್ಲೈತಿ?’ ಅಂತು.

‘ಮಾರಿ ಇದರಾಗಿಲ್ಲ ಕಂದಾ. ಕಾಕಾ ನೋಡ್ಯಾನ. ಶುಕ್ರವಾರ ಥಿಯೇಟರಿನ್ಯಾಗ ಇಷ್ಟ ದೊಡ್ಡ ಮಾರಿ ನೋಡ್ಯಾನ. ಹೇಳ್ತಾನ ಕೇಳು.’ ವೈನಿ ನನ್ನ ಕಡೆ ತಿರುಗಿದರು. ‘ಹೇಳಪಾ. ಹ್ಯಾಂಗ ಕಾಣ್ತಿದ್ರು? ಮಾರಿ ಎತ್ತಿದಾಗ ನಕ್ಕೊಂತ ಇದ್ರೇನು?’

ಸಿನೆಮಾ ನೋಡಿ ಬಂದು ಒಂದೊಂದು ದೃಶ್ಯವನ್ನೂ ಕಣ್ಣಿಗೆ ಕಟ್ಟುವ ಹಾಗೆ ಹೇಳುವವನೆಂದು ನನಗೆ ಹೆಸರಿತ್ತು. ನಕ್ಕರು ಎನ್ನಬಹು‌ದಿತ್ತು. ರುಮಾಲು ಸ್ವಲ್ಪ ಓರೆಯಾಗಿತ್ತು, ಬಿಸಿಲಿಗೆ ಕಣ್ಣು ಚಿಕ್ಕದು ಮಾಡಿದ್ದರು ಎಂದು ಸೇರಿಸಬಹುದಿತ್ತು. ಇಬ್ಬರೂ ನಂಬುತ್ತಿದ್ದರು, ಬದುಕಿಡೀ ಅದನ್ನೇ ನೆನೆಯುತ್ತಿದ್ದರು. ಆದರೆ ಒಂದು ಸಲ ಸುಳ್ಳು ಹೇಳಿಯಾಗಿತ್ತು.

‘ನಾನು ನೋಡ್ಲಿಲ್ಲ ವೈನಿ,’ ಎಂದೆ. ‘ಆ ಹಾಡು ಬರುವಾಗ ಬೆಂಚಿನ ಮೇಲೆ ಹತ್ತಿ, ಪರದೆಗೆ ಬೆನ್ನು ಹಾಕಿ ನಿಂತಿದ್ದೆ. ತೆಗೀರಿ ತೆಗೀರಿ ಅಂತ ಕೂಗಿದ್ದು ನಾನು. ಎಲ್ಲರೂ ನನ್ನನ್ನು ನೋಡಿ ನಗ್ತಿದ್ದರು. ಮ್ಯಾನೇಜರಿಗೆ ಹೇಳಿ ತೆಗೆಸಿದ್ದೂ ನಾನೇ. ಅಣ್ಣ ಅದರಲ್ಲಿದ್ದಾರೆ ಅಂತ ನನಗೆ ಗೊತ್ತಿರಲಿಲ್ಲ.’

ಅವರು ಬೈಯುತ್ತಾರೆ ಎಂದು ತಲೆ ತಗ್ಗಿಸಿ ನಿಂತೆ. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ವೈನಿ ಬೈಯಲಿಲ್ಲ. ಚೂರನ್ನು ಮಗಳ ಕೈಯಿಂದ ಮೆಲ್ಲಗೆ ಬಿಡಿಸಿಕೊಂಡು ಕಾಗದದಲ್ಲಿ ಸುತ್ತಿದರು. ಒಳಗೆ ಹೋಗಿ ಪೆಟ್ಟಿಗೆ ತೆಗೆದು ರುಮಾಲಿನ ಮಡಿಕೆಯಲ್ಲಿ ಇಟ್ಟರು. ಹೊರಗೆ ಬಂದು ಮತ್ತೆ ಮೊರದ ಮುಂದೆ ಕೂತರು.

‘ಹಂಗಾದ್ರ ಅವರನ್ನ ಯಾರೂ ನೋಡ್ಲೇ ಇಲ್ಲ,’ ಅಂದರು.

ಮಗು ಮಾತ್ರ ನನ್ನ ಮುಖವನ್ನೇ ನೋಡುತ್ತ ಕೂತಿತ್ತು, ಕಾಕಾ ಇನ್ನೂ ಹೇಳುತ್ತಾನೆಂದು.